ಗೆಂಡೆ ಮೀನಿಗೆ ಬೆಳ್ಳುಳ್ಳಿ



ಕೃಷಿ ಹೊಂಡದಲ್ಲಿ ಮೀನು ಸಾಕಿದವರಿಗೆ ಒಂದು ಗುರುತು ಚೆನ್ನಾಗಿ ಗೊತ್ತು. ಬೆಳಗ್ಗೆ ಬುಟ್ಟಿ ಹಿಡಿದು ದಡಕ್ಕೆ ಬಂದರೆ ಸಾಕು, ನೀರು ಕದಡುತ್ತದೆ, ಕಾಟ್ಲಾ ಗೆಂಡೆ ಮೇಲೆದ್ದು ಬಾಯಿ ಹಾಕುತ್ತದೆ. ಒಂದು ದಿನ ಹಾಕಿದ ಹಿಂಡಿ, ತೌಡು ಹಾಗೇ ಉಳಿಯಿತೆಂದರೆ ಎದೆ ಧಸಕ್ಕೆನ್ನುತ್ತದೆ. ಕಾಯಿಲೆ ಬಿದ್ದ ಮೀನು ಮೊದಲು ಬಿಡುವುದೇ ಊಟವನ್ನು. ಹಾಗಿರುವಾಗ ಆಹಾರದಲ್ಲಿ ಬೆರೆಸಿದ ಮದ್ದು ಅದರ ಹೊಟ್ಟೆಗೆ ಸೇರುವುದಾದರೂ ಹೇಗೆ? ಬೆಳ್ಳುಳ್ಳಿ, ಅರಿಶಿನ, ಶುಂಠಿ, ತುಳಸಿಯಂಥವನ್ನು ಮೀನಿನ ಆಹಾರಕ್ಕೆ ಸೇರಿಸುವ ವಿಷಯ ಇವತ್ತು ಹೇಳಹೊರಟಿದ್ದೇನೆ. ಇವನ್ನೆಲ್ಲ ಮೀನು ಗಟ್ಟಿಮುಟ್ಟಾಗಿದ್ದಾಗಲೇ ಕೊಡಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೀನು ಕೈಯಿಂದ ಜಾರುತ್ತದಲ್ಲ, ಆ ಲೋಳೆಯೇ ಅದರ ಮೊದಲ ಕಾವಲು. ಅದರಲ್ಲಿ ಲೈಸೋಜೈಮ್ ಎಂಬ ಕಿಣ್ವವಿದೆ. ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಒಡೆಯುವುದು ಅದರ ಕೆಲಸ. ಲೋಳೆ ದಾಟಿ ಬಂದ ರೋಗಾಣುವನ್ನು ರಕ್ತದ ಬಿಳಿ ಕಣಗಳು ನುಂಗುತ್ತವೆ. ಆದರೆ ಮೀನಿನ ಮೈಬಿಸಿಯು ನೀರಿನ ಬಿಸಿಯನ್ನೇ ಅನುಸರಿಸುತ್ತದೆ. ಚಳಿಗೆ ನೀರು ತಣ್ಣಗಾದಾಗ ಈ ಕಾವಲೂ ಮಂಕಾಗುತ್ತದೆ. 1988ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟ ಹುಣ್ಣು ರೋಗ ಮಳೆ ಮುಗಿದು ಚಳಿ ಹಿಡಿಯುವ ಹೊತ್ತಿಗೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾವಂತೂ ಕೆರೆ ನೀರಿನಲ್ಲಿ ಸದಾ ಇದ್ದದ್ದೇ. ಮೀನು ಸೊರಗುವುದನ್ನೇ ಅದು ಕಾಯುತ್ತಿರುತ್ತದೆ.

ರೋಹು ಮೀನಿಗೆ ಬೆಳ್ಳುಳ್ಳಿ ತಿನ್ನಿಸಿ ನೋಡಿದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಕಿಲೋ ಆಹಾರಕ್ಕೆ 1, 5, 10 ಗ್ರಾಂ ಪ್ರಮಾಣದಲ್ಲಿ ಬೆರೆಸಿ ಕೊಟ್ಟು, ಆಮೇಲೆ ಇದೇ ಏರೋಮೋನಾಸ್ ಸೋಂಕು ತಗುಲಿಸಿದರು. ಬೆಳ್ಳುಳ್ಳಿ ತಿಂದ ಗುಂಪುಗಳಲ್ಲಿ ಹೆಚ್ಚು ಮೀನು ಬದುಕಿದವು.

ಬೆರೆಸುವುದರಲ್ಲೂ ಒಂದು ಹದವಿದೆ. ಇಡೀ ಎಸಳಿಗೆ ಹೆಚ್ಚು ವಾಸನೆ ಇರುವುದಿಲ್ಲ, ಜಜ್ಜಿದೊಡನೆ ಘಾಟು ಮೂಗಿಗೆ ಅಡರುತ್ತದೆ. ಎಸಳಿನೊಳಗೆ ಬೇರೆ ಬೇರೆಯಾಗಿದ್ದ ಎರಡು ವಸ್ತುಗಳು ಆಗ ಕೂಡಿ ಅಲಿಸಿನ್ ಹುಟ್ಟುತ್ತದೆ. ರೋಗಾಣುವಿಗೆ ಏಟು ಕೊಡುವುದು ಅದೇ. ಜಜ್ಜದೆ ಬೇಯಿಸಿದರೆ ಅದು ಹುಟ್ಟುವುದೇ ಇಲ್ಲ. ಆದ್ದರಿಂದ ಹಸಿ ಬೆಳ್ಳುಳ್ಳಿಯನ್ನು ಜಜ್ಜಿ ಹತ್ತು ನಿಮಿಷ ಬಿಡಿ. ಆರಿದ ಅಕ್ಕಿ ಗಂಜಿಯಲ್ಲಿ ಕಲಸಿ ಆಹಾರಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ. ಗಂಜಿಯ ಅಂಟಿಲ್ಲದಿದ್ದರೆ ಹಚ್ಚಿದ್ದೆಲ್ಲ ನೀರುಪಾಲು.

ಗಿಡದ್ದು ತಾನೇ, ಎಷ್ಟು ಹಾಕಿದರೇನು ಎಂದು ಕೆಲವರು ಕೇಳುತ್ತಾರೆ. ಮಲೆನಾಡಿನವರು ಹಾಗೆ ಕೇಳುವುದಿಲ್ಲ. ಕಾರೆಕಾಯಿ ಜಜ್ಜಿ ಹಳ್ಳದ ಗುಂಡಿಗೆ ಹಾಕಿದರೆ ಮೀನು ಮತ್ತೇರಿ ತೇಲುವುದನ್ನು ಅವರ ಹಿರಿಯರು ಕಂಡಿದ್ದಾರೆ. ಮರಿ ಬಿಡುವ ಮೊದಲು ಕೊಳದ ಬೇಡದ ಮೀನು ಕೊಲ್ಲಲು ಬಳಸುವ ಹಿಪ್ಪೆ ಹಿಂಡಿಯೂ ಗಿಡದ್ದೇ. ಬೇವಿನ ರಸವೂ ಮಿತಿ ಮೀರಿದರೆ ಮೀನಿಗೆ ವಿಷ. ಅಳತೆಯನ್ನು ಕೈಯಂದಾಜಿಗೆ ಬಿಡದೆ ತಕ್ಕಡಿಯಲ್ಲೇ ತೂಗಿ. ವರ್ಷವಿಡೀ ಕೊಡುವುದೂ ಬೇಡ, ಕೆಲವು ವಾರ ಕೊಟ್ಟು ಬಿಡುವು ಕೊಡಿ.

ಹಾಗೆಯೇ ಬೆಳ್ಳುಳ್ಳಿ ಎಲ್ಲಕ್ಕೂ ಮದ್ದಲ್ಲ. ಮುಂಜಾನೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಆಮ್ಲಜನಕದ ಕೊರತೆ. ಆಗ ಬೇಕಾದದ್ದು ಹೊಸ ನೀರು, ಇಲ್ಲವೇ ಪಂಪು ಹಚ್ಚಿ ಅದೇ ನೀರನ್ನು ಮೇಲಿಂದ ಧುಮುಕಿಸುವುದು. ಹುಣ್ಣು ಕಂಡಾಗ ಗಾಬರಿಯಲ್ಲಿ ಯಾರೋ ಹೇಳಿದ ಆಂಟಿಬಯೋಟಿಕ್ ಪುಡಿ ತಂದು ಸುರಿಯುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ನಂಥವು ಮೀನು ಸಾಕಣೆಯಲ್ಲಿ ನಿಷಿದ್ಧ. ಅವುಗಳ ಶೇಷ ಕೊನೆಗೆ ಬರುವುದು ನಮ್ಮ ಮನೆಯ ಸಾರಿನ ಪಾತ್ರೆಗೇ.

ಈ ಸಲ ದೀಪಾವಳಿ ಹೊತ್ತಿಗೇ, ಚಳಿ ಬಲಿಯುವ ಮೊದಲು ಶುರು ಮಾಡಿ. ಎರಡು ಹೊಂಡವಿದ್ದವರು ಒಂದಕ್ಕೆ ಮಾತ್ರ ಬೆಳ್ಳುಳ್ಳಿ ಹಚ್ಚಿದ ಆಹಾರ ಹಾಕಿ, ಇನ್ನೊಂದಕ್ಕೆ ಎಂದಿನದೇ ಇರಲಿ. ಸಂಕ್ರಾಂತಿಗೆ ಎರಡರಲ್ಲೂ ಬಲೆ ಬೀಸಿ ಹತ್ತು ಹತ್ತು ಮೀನು ಹಿಡಿದು ತೂಗಿ, ಮೈಯನ್ನು ಮಗುಚಿ ನೋಡಿ, ಕಿವಿರು ಎತ್ತಿ ಬಣ್ಣ ನೋಡಿ, ಕಂಡದ್ದನ್ನು ಬರೆದಿಟ್ಟುಕೊಳ್ಳಿ.