ಹಬ್ಬದ ಉಡುಗೊರೆ ಮತ್ತು ಮನೆಯ ಲೆಕ್ಕ



ರಮಝಾನ್ ಬರುವುದಕ್ಕೆ ಮುನ್ನವೇ ಈದ್‌ನ ಖರೀದಿಯ ಬಗ್ಗೆ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಇಪ್ಪತ್ತೇಳನೆಯ ರಾತ್ರಿ ಈ ಮಾತನ್ನಾಡಿ ಪ್ರಯೋಜನವಿಲ್ಲ. ಅಂದು ಕೇಳಬೇಕಾದವರು ಶಿವಾಜಿನಗರದಲ್ಲೋ ಭಟ್ಕಳದ ರಮಝಾನ್ ಮಾರುಕಟ್ಟೆಯಲ್ಲೋ ಇರುತ್ತಾರೆ. ಸಾವಿರ ತಿಂಗಳುಗಳಿಗಿಂತ ಶ್ರೇಷ್ಠವಾದ ರಾತ್ರಿಯನ್ನು ಅರಸಬೇಕಾದ ಆ ಕೊನೆಯ ಹತ್ತು ದಿನಗಳೇ ಅಂಗಡಿಗಳಲ್ಲಿ ಆಯ್ಕೆ ಕುಗ್ಗುವ, ಚೌಕಾಸಿಗೆ ವ್ಯಾಪಾರಿಗೆ ಪುರುಸೊತ್ತಿಲ್ಲದ ದಿನಗಳೂ ಹೌದು. ಶಅಬಾನ್‌ನಲ್ಲಿಯೇ ಬಟ್ಟೆ ಕೊಂಡು ದರ್ಜಿಗೆ ಕೊಟ್ಟವನು ಆರಾಧನೆಯ ಸಮಯವನ್ನೂ ಹಣವನ್ನೂ ಉಳಿಸಿಕೊಳ್ಳುತ್ತಾನೆ.

ಹೊಸ ಬಟ್ಟೆಯನ್ನಾಗಲಿ ಉಡುಗೊರೆಯನ್ನಾಗಲಿ ನಾವು ವಿರೋಧಿಸುತ್ತಿಲ್ಲ. ಉಡುಗೊರೆಯಿಂದ ಪ್ರೀತಿ ಬೆಳೆಯುತ್ತದೆಂದು ಕಲಿಸಿದವರು ಪ್ರವಾದಿ(ಸ)ರವರೇ. ಆದರೆ ದುಂದುಗಾರರನ್ನು ಶೈತಾನನ ಸಹೋದರರೆನ್ನುವ ಕುರ್‌ಆನ್ ವಚನ (17:27) ಎಲ್ಲಿ ಬರುತ್ತದೆಂಬುದನ್ನು ಗಮನಿಸಬೇಕು. ಬಂಧುವಿಗೂ ಬಡವನಿಗೂ ಪ್ರಯಾಣಿಕನಿಗೂ ಅವರವರ ಹಕ್ಕನ್ನು ಕೊಡಿರಿ ಎಂಬ ಆಜ್ಞೆಯ ಬೆನ್ನಿಗೇ ಅದು ಬರುತ್ತದೆ. ದುಂದಿಗೆ ಹೋದದ್ದು ಇನ್ನೊಬ್ಬನ ಪಾಲು ಎಂಬರ್ಥ ಅಲ್ಲಿದೆ.

ಆ ಇನ್ನೊಬ್ಬ ಬಹಳ ಸಲ ನಮ್ಮ ಮನೆಯ ಮಗುವೇ ಆಗಿರುತ್ತಾನೆ. ಚಾಂದ್ರಮಾನ ವರ್ಷವು ಪ್ರತಿ ವರ್ಷ 10-11 ದಿನ ಹಿಂದಕ್ಕೆ ಸರಿಯುವುದರಿಂದ 2026 ಮತ್ತು 2027ರಲ್ಲಿ ಈದುಲ್ ಫಿತ್ರ್ ಮಾರ್ಚ್‌ನಲ್ಲಿಯೂ ಬಕ್ರೀದ್ ಮೇ ತಿಂಗಳಲ್ಲಿಯೂ ಬೀಳುತ್ತವೆ. ಎರಡು ಹಬ್ಬಗಳ ಖರ್ಚು ಮುಗಿಯುತ್ತಲೇ ಜೂನ್‌ನ ಶಾಲಾ ಶುಲ್ಕ, ಪುಸ್ತಕ, ಸಮವಸ್ತ್ರ. ಶುಲ್ಕಕ್ಕೆ ಹಣವಿಲ್ಲವೆಂದು ಮಗಳನ್ನು ಪಿಯುಸಿಗೆ ಸೇರಿಸದ ಮನೆಯಲ್ಲಿ ಹಬ್ಬದ ಖರ್ಚಿನ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಆದುದರಿಂದ ಮೊದಲು ಜೂನ್‌ನ ಮೊತ್ತವನ್ನು ಬೇರೆ ತೆಗೆದಿಡಿ. ಆ ಬಳಿಕ ವಸ್ತುಗಳ ಪಟ್ಟಿಗೆ ಬದಲು ವ್ಯಕ್ತಿಗಳ ಪಟ್ಟಿ ಮಾಡಿ, ಪ್ರತಿ ಹೆಸರಿನ ಮುಂದೆ ಒಂದು ಮೊತ್ತ ಬರೆಯಿರಿ. ಈ ವಿಷಯದಲ್ಲಿ ನಮ್ಮ ಭಾಷಣಕಾರರು ಸಾಮಾನ್ಯವಾಗಿ ಮಹಿಳೆಯರನ್ನು ದೂರುತ್ತಾರೆ. ನಮಗೆ ಅದು ನ್ಯಾಯವೆನಿಸುವುದಿಲ್ಲ. ತಾಯಿ ಮೂರು ಅಂಗಡಿ ಸುತ್ತಿ ಉಳಿಸಿದ ಇನ್ನೂರು ರೂಪಾಯಿಯನ್ನು ಮಗನ ಹೊಸ ಮೊಬೈಲ್ ಒಂದೇ ಏಟಿಗೆ ನುಂಗುತ್ತದೆ.

ಅಂಗಡಿಯಲ್ಲಿ ತಿಳಿದಿರಬೇಕಾದ ಒಂದೆರಡು ಸಂಗತಿಗಳಿವೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರದಂತೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 5, ಮೀರಿದರೆ ಶೇ. 18. ಅಂದರೆ ತೆರಿಗೆಗೆ ಮುಂಚೆ 2,500 ರೂಪಾಯಿಯ ಉಡುಪು 2,625ಕ್ಕೆ ದೊರೆತರೆ, 2,600ರದ್ದು 3,068 ಆಗುತ್ತದೆ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ, ಅದರ ಮೇಲೆ ಮತ್ತೆ ತೆರಿಗೆ ಕೇಳುವಂತಿಲ್ಲ. ಬಿಲ್ ಕೇಳಿ ಪಡೆಯಿರಿ. ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ದೂರಿಗೆ 1915 ಸಂಖ್ಯೆಯ ಸಹಾಯವಾಣಿ ಇದೆ.

ಇನ್ನು ಕಂತಿನ ವ್ಯಾಪಾರ. ಬ್ಯಾಂಕ್ ಬಡ್ಡಿಯೆಂದರೆ ಬೆಚ್ಚುವ ಮನೆಗಳಲ್ಲಿಯೂ "ಶೂನ್ಯ ಬಡ್ಡಿ" ಎಂಬ ಫಲಕ ಸಲೀಸಾಗಿ ಒಳಬರುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದನ್ನು ಹೆಚ್ಚಾಗಿ ಶುಲ್ಕದ ರೂಪದಲ್ಲಿ ಮರೆಮಾಡಿ ವಸೂಲು ಮಾಡಲಾಗುತ್ತದೆ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಎಚ್ಚರಿಸಿತ್ತು. ಕ್ರೆಡಿಟ್ ಕಾರ್ಡ್‌ನ ಬಾಕಿಗೆ ತಿಂಗಳಿಗೆ ಶೇ. 3.5 ಬಡ್ಡಿ ಎಂದರೆ ವರ್ಷಕ್ಕೆ ಶೇ. 42. ಹಬ್ಬದ ಸಂತೋಷಕ್ಕೆ ರಿಬಾದ ಬೆಲೆ ತೆರುವುದನ್ನು ಯಾವ ಧರ್ಮಪ್ರಜ್ಞೆ ಒಪ್ಪೀತು?

ಆದರೆ ಇವೆಲ್ಲಕ್ಕಿಂತ ಭಾರವಾದದ್ದು ಇನ್ನೊಂದಿದೆ. ಮದುವೆಯಾದ ಮಗಳ ಗಂಡನ ಮನೆಗೆ ಹೋಗುವ ಹಬ್ಬದ ಉಡುಗೊರೆ. ಅಳಿಯನಿಗೆ ಶರ್ಟು-ಪ್ಯಾಂಟು ಸಾಲದು, ಬೀಗಿತ್ತಿಗೆ ಸೀರೆ, ನಾದಿನಿಯರಿಗೆ ಚೂಡಿದಾರ್, ಮಕ್ಕಳಿಗೆಲ್ಲ ಬಟ್ಟೆ, ಮೇಲೆ ಹಣ್ಣು-ಸಿಹಿಯ ಬುಟ್ಟಿ. ಹಿಂದಿನ ವರ್ಷಕ್ಕಿಂತ ಕಡಿಮೆಯಾದರೆ ಮಾತು ಕೇಳಬೇಕಾದವಳು ಮಗಳು. ಅದಕ್ಕಾಗಿಯೇ ತಂದೆ ಸಾಲ ಮಾಡುತ್ತಾನೆ. ವೇದಿಕೆಗಳಲ್ಲಿ ವರದಕ್ಷಿಣೆಯನ್ನು ಖಂಡಿಸುವ ನಾವು ವರ್ಷಕ್ಕೆರಡು ಬಾರಿ ಕಂತಿನಲ್ಲಿ ಬರುವ ಈ ವರದಕ್ಷಿಣೆಯನ್ನು ಸಂಪ್ರದಾಯವೆಂದು ಕರೆದು ಸುಮ್ಮನಾಗಿದ್ದೇವೆ. ಹೆದರಿ ಕೊಟ್ಟದ್ದು ಉಡುಗೊರೆಯಲ್ಲ. ಇದನ್ನು ನಿಲ್ಲಿಸಲು ಹೆಣ್ಣಿನ ತಂದೆಗೆ ಸಾಧ್ಯವಿಲ್ಲ, ಗಂಡಿನ ಕಡೆಯವರೇ ಬಾಯಿ ತೆರೆಯಬೇಕು. ಇಲ್ಲಿ ಕುಳಿತಿರುವ ಮಾವಂದಿರು ಈ ಸಲ ಬೀಗರಿಗೆ ಫೋನ್ ಮಾಡಿ, "ಏನೂ ಕಳಿಸಬೇಡಿ, ನೀವೇ ಊಟಕ್ಕೆ ಬನ್ನಿ" ಎಂದು ಹೇಳಲಿ. ಅತ್ತೆಯಂದಿರು ಸೊಸೆಯ ಎದುರಿನಲ್ಲಿಯೇ ಹೇಳಿಸಿದರೆ ಇನ್ನೂ ಉತ್ತಮ.

ಫಿತ್ರ್ ಝಕಾತ್ ಬಗ್ಗೆ ಒಂದು ಮಾತು. ಅದು ಈದ್ ನಮಾಝ್‌ಗೆ ಮುಂಚೆ ತಲುಪಬೇಕು. ಇಬ್ನು ಉಮರ್(ರ) ಒಂದೆರಡು ದಿನ ಮುಂಚೆಯೇ ಕೊಡುತ್ತಿದ್ದರೆಂದು ಬುಖಾರಿಯಲ್ಲಿದೆ. ಶಾಫಿಈ ಮದ್ಹಬ್‌ನಲ್ಲಿ ರಮಝಾನ್‌ನ ಆರಂಭದಿಂದಲೇ ಅನುಮತಿಯಿದೆ. ನಮ್ಮ ಪಟ್ಟಣಗಳಲ್ಲಿ ಮಾತ್ರ ಚಂದ್ರದರ್ಶನದ ರಾತ್ರಿ ಹನ್ನೊಂದಕ್ಕೆ ಅಕ್ಕಿಯ ಚೀಲ ಬಡವನ ಬಾಗಿಲಿಗೆ ಬರುತ್ತದೆ. ಎರಡು ದಿನ ಮೊದಲೇ ಬಂದಿದ್ದರೆ ಅಕ್ಕಿಗೆಂದಿಟ್ಟಿದ್ದ ಹಣದಲ್ಲಿ ಆತ ಮಗುವಿಗೊಂದು ಅಂಗಿ ಕೊಳ್ಳುತ್ತಿದ್ದ. ಜಮಾಅತ್ ಸಮಿತಿಯವರು ಇಲ್ಲಿಯೇ ಇದ್ದಾರೆ. ಸಂಗ್ರಹ ಯಾವಾಗ, ವಿತರಣೆ ಯಾವಾಗ ಎಂಬುದನ್ನು ಈ ಸಭೆ ಮುಗಿಯುವ ಮೊದಲೇ ತೀರ್ಮಾನಿಸಬಹುದು.