ಅಂಚಿನ ರುಜುಗಳು

ಚಿತ್ರವೊಂದನ್ನು ನೋಡುವಾಗ ನಮ್ಮ ಕಣ್ಣು ಅದರ ನಡುವಿಗೆ ಹೋಗುತ್ತದೆ. ಅಂಚನ್ನು ಗಮನಿಸುವವರು ಕಡಮೆ. ನಾನು ಈಗ ಹೇಳಹೊರಟಿರುವುದು ಅಂಚಿಗೇ ಹೆಚ್ಚು ಬೆಲೆಯಿರುವ ಒಂದು ಬಗೆಯ ಚಿತ್ರಗಳ ವಿಚಾರ.

ಎರಡನೆಯ ಮಹಾಯುದ್ಧದ ವಿಮಾನ ಕದನಗಳನ್ನು ಚಿತ್ರಿಸುವ ಕಲಾವಿದರ ಪರಂಪರೆಯೊಂದು ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಬೆಳೆದು ಬಂದಿದೆ. 1946ರಲ್ಲಿ ಬಾತ್ ನಗರದಲ್ಲಿ ಹುಟ್ಟಿದ ರಾಬರ್ಟ್ ಟೇಲರ್ ಅವರಲ್ಲಿ ಪ್ರಮುಖರು. ಮೂಲಚಿತ್ರದಿಂದ ಗೊತ್ತಾದಷ್ಟೇ ಪ್ರತಿಗಳನ್ನು ಅಚ್ಚು ಹಾಕುತ್ತಾರೆ. ಕೆಳಗಿನ ಬಿಳಿಯ ಅಂಚಿನಲ್ಲಿ ಕಲಾವಿದ ಸೀಸದ ಕಡ್ಡಿಯಿಂದ ರುಜು ಹಾಕಿ, ಇಷ್ಟು ಪ್ರತಿಗಳಲ್ಲಿ ಇದು ಇಷ್ಟನೆಯದು ಎಂದು ಸಂಖ್ಯೆಯನ್ನು ಬರೆಯುತ್ತಾನೆ. ಅವನ ಹೆಸರಿನ ಪಕ್ಕದಲ್ಲಿ, ಅಂಥ ಕದನಗಳಲ್ಲಿ ಹಾರಾಡಿ ಬದುಕಿ ಬಂದ ವೃದ್ಧ ವೈಮಾನಿಕರು ತಮ್ಮ ಹೆಸರನ್ನು ಬರೆಯುತ್ತಾರೆ. ಸಂಗ್ರಾಹಕರು ಹೆಚ್ಚಿನ ಹಣ ತೆರುವುದು ಈ ರುಜುಗಳಿಗಾಗಿ.

ಈ ಚಿತ್ರಗಳ ಬಗ್ಗೆ ನನಗೆ ಒಂದು ಅಳುಕು ಉಂಟು. ಮುಗಿಲು ಸುಂದರ, ಸಂಜೆಯ ಬೆಳಕು ಸುಂದರ, ಓರೆಯಾಗಿ ತಿರುಗುವ ರೆಕ್ಕೆ ಸುಂದರ. ಆದರೆ ಉರಿಯುತ್ತ ಬೀಳುವ ವಿಮಾನದೊಳಗಿನ ಮನುಷ್ಯನ ಮುಖ ಕಾಣುವುದಿಲ್ಲ. 1940ರ ಬ್ರಿಟನ್ ಕದನದಲ್ಲಿ ಬ್ರಿಟನ್ನಿನ ಪರವಾಗಿ ಹೋರಾಡಿದ ಸುಮಾರು 2,900 ವೈಮಾನಿಕರಲ್ಲಿ 544 ಮಂದಿ ಆ ಕದನದಲ್ಲೇ ಮಡಿದರು. ಅಂಚಿನಲ್ಲಿ ಅವರ ರುಜು ಇರಲಾರದು. ಬದುಕಿದವನು ಮಾತ್ರ ಸಾಕ್ಷಿ ನುಡಿಯಬಲ್ಲ ಎಂಬ ಕಟುಸತ್ಯವನ್ನು ಆ ಬಿಳಿಯ ಜಾಗ ಸುಮ್ಮನೆ ಹೇಳುತ್ತದೆ.

ಆದರೂ ನನ್ನ ಅಳುಕನ್ನು ಕೊಂಚ ಸಡಿಲಿಸಿದ ಒಂದು ಚಿತ್ರವಿದೆ. ಅಮೆರಿಕದ ಜಾನ್ ಷಾ ಬರೆದದ್ದು. 1943ರ ಡಿಸೆಂಬರ್ 20ರಂದು ಬ್ರೆಮೆನ್ ನಗರದ ಮೇಲೆ ದಾಳಿ ನಡೆಸಿ ಹಿಂದಿರುಗುತ್ತಿದ್ದ ಅಮೆರಿಕದ ಬಾಂಬರ್ ವಿಮಾನವೊಂದು ಗುಂಡೇಟಿಗೆ ಛಿದ್ರವಾಗಿತ್ತು. ಬಾಲದಲ್ಲಿ ಕುಳಿತ ಬಂದೂಕುಗಾರ ಸತ್ತಿದ್ದ, ಹಲವರು ಗಾಯಗೊಂಡಿದ್ದರು. ನಡೆಸುತ್ತಿದ್ದ ಚಾರ್ಲಿ ಬ್ರೌನ್‌ಗೆ ವಯಸ್ಸು 21. ಬೆನ್ನಟ್ಟಿ ಬಂದ ಜರ್ಮನ್ ವೈಮಾನಿಕ ಫ್ರಾನ್ಜ್ ಸ್ಟಿಗ್ಲರ್ ಒಡೆದ ಕವಚದೊಳಗೆ ಗಾಯಾಳುಗಳನ್ನು ಕಂಡ, ಗುಂಡು ಹಾರಿಸಲಿಲ್ಲ. ಪ್ಯಾರಾಚೂಟಿನಲ್ಲಿ ಇಳಿಯುತ್ತಿರುವವನನ್ನು ಕೊಲ್ಲಬಾರದೆಂದು ಅವನ ಹಿಂದಿನ ಅಧಿಕಾರಿ ಕಲಿಸಿದ್ದ. ಇವರೂ ಅಂಥವರೇ ಎಂದು ಅವನಿಗೆ ತೋರಿತು. ನಿರಾಯುಧನ ಮೇಲೆ ಕೈಯೆತ್ತಬಾರದೆಂಬ ಯುದ್ಧಧರ್ಮ ಭಾರತದ ಕಥೆಯನ್ನು ಕೇಳಿ ಬೆಳೆದ ನಮಗೆ ಹೊಸದಲ್ಲ. ಅದನ್ನು ಮುರಿದವರ ಕಥೆಯೂ ಹೊಸದಲ್ಲ. ಸ್ಟಿಗ್ಲರ್ ಪಕ್ಕದಲ್ಲೇ ಹಾರುತ್ತ ಸಮುದ್ರದವರೆಗೆ ಬಂದು, ವಂದಿಸಿ ಹಿಂದಿರುಗಿದ. ತಿಳಿದಿದ್ದರೆ ಅವನ ಪಡೆಯವರೇ ಅವನನ್ನು ಗುಂಡಿಟ್ಟು ಕೊಲ್ಲಬಹುದಾಗಿತ್ತು.

1990ರಲ್ಲಿ ಇಬ್ಬರೂ ಭೇಟಿಯಾದರು. ಮುಂದೆ ಆ ಚಿತ್ರದ ಪ್ರತಿಗಳ ಅಂಚಿನಲ್ಲಿ ಇಬ್ಬರ ರುಜುಗಳೂ ಬಿದ್ದವು. 2008ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ, ಇಬ್ಬರೂ ತೀರಿಕೊಂಡರು. ಆ ಎರಡು ಹೆಸರುಗಳು ಒಂದೇ ಕಾಗದದ ಮೇಲೆ ಇರುವುದಕ್ಕೆ ಕಾರಣ, ಹಾರದೇ ಉಳಿದ ಗುಂಡು.

ಬ್ರಿಟನ್ ಕದನದಲ್ಲಿ ಹಾರಿದವರ ಪೈಕಿ ಕೊನೆಯವರೆಂದು ತಿಳಿದುಬಂದಿದ್ದ ಜಾನ್ ಹೆಮಿಂಗ್‌ವೇ 2025ರ ಮಾರ್ಚ್‌ನಲ್ಲಿ, ತಮ್ಮ 105ನೆಯ ವಯಸ್ಸಿನಲ್ಲಿ ಗತಿಸಿದರು. ಆ ಕದನದ ಚಿತ್ರಗಳನ್ನು ಇನ್ನು ಎಷ್ಟು ಬರೆದರೂ ಕಂಡವರ ಕೈಬರಹ ಅಂಚಿಗೆ ಬರುವುದಿಲ್ಲ. ಇನ್ನು ಮೇಲೆ ನೋಡುವವನೇ ಆ ಉರಿಯುವ ವಿಮಾನದೊಳಗೆ ಒಬ್ಬ ಮನುಷ್ಯನಿದ್ದನೆಂಬುದನ್ನು ನೆನಪಿಟ್ಟುಕೊಳ್ಳಬೇಕು.