ಆ ಹುಡುಗಿ ಹಾಡಿದ ಹಾಡು

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷಗಳ ಸಾಧನೆಯನ್ನು ಇಂದು ಅನೇಕರು ಕೊಂಡಾಡಿದ್ದೀರಿ. ಈ ಶುಭ ಗಳಿಗೆಯಲ್ಲಿಯೇ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಲು ನಿಮ್ಮ ಅಪ್ಪಣೆ ಬೇಡುತ್ತೇವೆ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಪ್ರಾರ್ಥನೆಯ ವೇಳೆಯಲ್ಲಿ ಬಡಗರ ಮನೆಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಹಾಡನ್ನು ಹಾಡತೊಡಗಿದಳು. “ಶುದ್ಧ ಕನ್ನಡದಲ್ಲಿ ಹಾಡಮ್ಮ” ಎಂದು ನಾವು ನಡುವೆಯೇ ತಡೆದೆವು. ಮಗು ತಲೆ ತಗ್ಗಿಸಿ ಸಾಲಿಗೆ ಮರಳಿತು. ಮತ್ತೆಂದೂ ಶಾಲೆಯಲ್ಲಿ ಹಾಡಲಿಲ್ಲ.

ನಾವು ತಡೆದದ್ದು ಏನನ್ನು? ಬಡಗರೆಂದರೆ ಬಡಗಣದಿಂದ, ಮೈಸೂರು ಸೀಮೆಯಿಂದ ಈ ಬೆಟ್ಟಗಳಿಗೆ ಬಂದವರೆಂಬುದು ಅವರದೇ ಐತಿಹ್ಯ. ಅವರ ನುಡಿ ಕನ್ನಡದ ಒಡಹುಟ್ಟು. 1871ರಲ್ಲಿ ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಜನಪದ ಗೀತೆಗಳ ಗ್ರಂಥವನ್ನು ಹೊರತಂದಾಗ ಕನ್ನಡ ಹಾಗೂ ಕೊಡಗಿನ ಹಾಡುಗಳ ಜೊತೆಗೆ ಬಡಗರ ಹಾಡುಗಳಿಗೂ ಸ್ಥಾನ ಕೊಟ್ಟನು. ಬಡಗರ ಶವಸಂಸ್ಕಾರದಲ್ಲಿ ಹಿರಿಯರು ಸತ್ತವರ ಪಾಪಗಳನ್ನು ಒಂದೊಂದಾಗಿ ಎಣಿಸಿ, ಕರುವಿನ ಮೇಲೆ ಹೊರಿಸಿ ಕಳುಹಿಸುವ ಪ್ರಾರ್ಥನೆಯುಂಟು. ಹಾವು, ಹಲ್ಲಿ, ಕಪ್ಪೆಗಳನ್ನು ಕೊಂದದ್ದೂ ಅಲ್ಲಿ ಪಾಪವೇ. ನಮ್ಮ ಯಾವ ನೀತಿಪಾಠವೂ ಕಪ್ಪೆಯವರೆಗೆ ಹೋಗಿಲ್ಲ!

ಆ ಸಾವಿನ ಮನೆಗೆ ವಾದ್ಯ ನುಡಿಸುತ್ತಿದ್ದವರು ಕೋತರು. ಕೋತರ ಏಳು ಊರುಗಳಲ್ಲಿ ಒಂದು ನಮ್ಮ ನೆರೆಯ ಗೂಡಲೂರಿನ ಬಳಿಯಲ್ಲಿಯೇ ಇದೆ. ಅವರ ಕೊಳಲು, ಕೊಂಬು, ತಮಟೆಗಳಿಲ್ಲದೆ ಬಡಗರ ಶವಸಂಸ್ಕಾರ ನಡೆಯದಿದ್ದ ಕಾಲವೊಂದಿತ್ತು. ಕಳೆದ ಶತಮಾನದಲ್ಲಿ ಸುಧಾರಣೆಯ ಹೆಸರಿನಲ್ಲಿ ಬಡಗರಲ್ಲಿ ಅನೇಕರು ಆ ವಾದ್ಯವನ್ನು ಕೈಬಿಟ್ಟರು. ಮೇಳ ನಿಂತಿತು; ಅದರೊಡನೆ ಎರಡು ಜನಾಂಗಗಳ ಕೊಡುಕೊಳ್ಳುವಿಕೆಯೂ ಸಡಿಲವಾಯಿತು. ಪಂದಲೂರಿನ ಪಣಿಯರ ತುಡಿಯ ವಿಚಾರದಲ್ಲಿಯೂ ನಮಗೆ ಇದೇ ಅಂಜಿಕೆ.

ಐರಿಷ್ ಸಮುದ್ರದ ನಡುವೆ ಮ್ಯಾನ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ವೈದ್ಯ ಜಾನ್ ಕ್ಲೇಗ್ 1890ರ ದಶಕದಲ್ಲಿ ಗಿಲ್ ಸಹೋದರರೊಡಗೂಡಿ ಮುದುಕರ ಬಾಯಿಂದ ಹಳೆಯ ಮಟ್ಟುಗಳನ್ನು ಬರೆದುಕೊಂಡನು. ಮ್ಯಾಂಕ್ಸ್ ನುಡಿಯನ್ನು ತಾಯ್ನುಡಿಯಾಗಿ ಬಲ್ಲ ಕೊನೆಯವನೆನಿಸಿದ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡನು. ಆದರೆ ಬರೆದಿಟ್ಟದ್ದು, ಧ್ವನಿಮುದ್ರಿಸಿದ್ದು ಉಳಿದಿತ್ತು. 2001ರಲ್ಲಿ ಅದೇ ನುಡಿಯಲ್ಲಿ ಕಲಿಸುವ ಪ್ರಾಥಮಿಕ ಶಾಲೆ ಅಲ್ಲಿ ಆರಂಭವಾಯಿತು.

ಬರುವ ಜೂನ್ ತಿಂಗಳಿನಿಂದ ಪ್ರತಿ ಶುಕ್ರವಾರದ ಕೊನೆಯ ಅವಧಿಯನ್ನು ಮನೆಯ ಹಾಡಿಗೆಂದು ಮೀಸಲಿಟ್ಟಿದ್ದೇವೆ. ಅಜ್ಜಿ, ತಾತಂದಿರು ಬಂದು ತಮ್ಮ ನುಡಿಯಲ್ಲಿಯೇ ಹಾಡಲಿ. ನಾವು ತಿದ್ದುವುದಿಲ್ಲ, ಮಕ್ಕಳೊಡನೆ ಕುಳಿತು ಬರೆದುಕೊಳ್ಳುತ್ತೇವೆ.

ಅಂದಿನ ಆ ಹುಡುಗಿ ಇಂದು ತಾಯಿಯಾಗಿ ಈ ಸಭೆಯಲ್ಲಿ ಕುಳಿತಿದ್ದಾಳೆ. ಮೊನ್ನೆ ಅವಳ ಮನೆಗೆ ಹೋಗಿ ಆ ಹಾಡನ್ನು ಕೇಳಿದೆವು. ಅಜ್ಜಿ ಇಲ್ಲ. ಅವಳಿಗೆ ಮೊದಲಿನ ಎರಡು ಸಾಲುಗಳು ಮಾತ್ರ ನೆನಪಿವೆ. ಈಗ ಅವಳು ಅವನ್ನು ಹಾಡಲು ಒಪ್ಪಿದ್ದಾಳೆ. ಮುಂದಿನ ಸಾಲುಗಳನ್ನು ಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಊಟದ ನಂತರ ನಮ್ಮನ್ನು ಕಾಣಬೇಕು.